ಬಾವಿಯ ಪಾಲು

2014ರಲ್ಲಿ ಮಂಗಳೂರಿನಲ್ಲಿ ನಾವು ಕೊಂಡ ಹಳೆಯ ಮನೆಗೆ ಬಂದವರೆಲ್ಲ ಮನೆ ನೋಡಲಿಲ್ಲ, ಜಾಗ ನೋಡಿದರು. 22 ಸೆಂಟ್ಸ್, ಅಂದರೆ ಸುಮಾರು 9,580 ಚದರಡಿ. ಅದರಲ್ಲಿ ಹಂಚಿನ ಮನೆ ಬರೇ 850 ಚದರಡಿ. “ಕೆಡವಿ ಫ್ಲ್ಯಾಟ್ ಕಟ್ಟಿಸಿ” ಎಂದರು ಬಂಧುಗಳು. ಮಾಡು ಎರಡು ಕಡೆ ಸೋರುತ್ತಿತ್ತು, ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಸಾಲದ ಕಂತು ಕಟ್ಟುವಾಗಲೆಲ್ಲ ನಮ್ಮ ಮನಸ್ಸೂ ಅತ್ತ ವಾಲುತ್ತಿತ್ತು.

ಮನೆ ಮಾರಿದ ಅಜ್ಜಿ ಬೀಗದ ಕೈ ಕೊಡುವಾಗ, “ಬಾವಿಗೆ ಬರುವವರನ್ನು ತಡೆಯಬೇಡಿ ಮಕ್ಕಳೇ” ಎಂದಿದ್ದರು. ಆ ಮಾತಿನ ತೂಕ ನಮಗೆ ತಿಳಿದದ್ದು 2019ರ ಬೇಸಗೆಯಲ್ಲಿ. ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ, ನಗರಕ್ಕೆ ಪಾಳಿಯಲ್ಲಿ ನೀರು ಬಿಡುತ್ತಿದ್ದರು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ ನೆರೆಮನೆಗಳ ಬಾವಿಗಳು ತಳ ಕಂಡಿದ್ದವು. ನಮ್ಮದರಲ್ಲಿ ನೀರಿತ್ತು. ಮಳೆನೀರು ಇಂಗಲು ಇಲ್ಲಿ ಬರಿ ಮಣ್ಣು ಉಳಿದಿತ್ತಲ್ಲ! ಬೆಳಿಗ್ಗೆ ಐದಕ್ಕೇ ಕೊಡಗಳ ಸದ್ದು ಕೇಳುತ್ತಿತ್ತು. ಫ್ಲ್ಯಾಟಿನ ಮಾತನ್ನು ನಾವು ಅಂದೇ ಬಿಟ್ಟೆವು.

ಆ ಮಳೆಗಾಲ ಕಳೆದ ಮೇಲೆ ಪಕ್ಕಾಸು ಬದಲಿಸಿ, ಒಡೆದ ಹಂಚು ತೆಗೆದು ಬೇರೆ ಹೊದಿಸಿದೆವು. “ಇಷ್ಟು ಜಾಗ ಸುಮ್ಮನೆ ಬಿದ್ದಿದೆ” ಎನ್ನುವವರು ಈಗಲೂ ಬರುತ್ತಾರೆ. ಅವರಿಗೆ ಮೊದಲು ಒಂದು ಲೋಟ ಬಾವಿ ನೀರು ಕೊಡುತ್ತೇವೆ.