ವೀಸಾದ ಸರತಿ ಮತ್ತು ಮಗಳ ನಿಕಾಹ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿಯಿದೆ. ಪಾಸ್‌ಪೋರ್ಟ್ ಅರ್ಜಿ, ಜನನ ಪ್ರಮಾಣಪತ್ರದ ನಕಲು, ನಿಕಾಹ್‌ನಾಮಾದ ಇಂಗ್ಲಿಷ್ ಅನುವಾದ ಎಂದು ಜನರು ಬರುತ್ತಿರುತ್ತಾರೆ. ಹಿಂದೆ ಹೆಚ್ಚಿನವರು ಸೌದಿ, ದುಬೈಗಳ ಕಾಗದ ಹಿಡಿದು ಬರುತ್ತಿದ್ದರು. ಕೆಲವು ವರ್ಷಗಳಿಂದ ಅಮೆರಿಕದಲ್ಲಿರುವ ಮಗ, ಅಣ್ಣ ಅಥವಾ ಪತಿ ಕಳುಹಿಸಿದ ಕಾಗದಗಳೂ ಬರುತ್ತಿವೆ. ಅವರೆಲ್ಲರ ಪ್ರಶ್ನೆ ಒಂದೇ: "ಭಾಯ್, ನಮ್ಮ ನಂಬರ್ ಯಾವಾಗ ಬರುತ್ತದೆ?" ಕರೆಸಿಕೊಳ್ಳುವವರು ಅಲ್ಲಿನ ಪೌರರೋ, ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಗಳೋ ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರಿಸಲಾಗದು. ಇದೇ ವ್ಯತ್ಯಾಸವು ನಮ್ಮ ಮನೆಯ ಹೆಣ್ಣುಮಗಳೊಬ್ಬಳ ನಿಕಾಹ್ ಅನ್ನು ಮೂರು ವರ್ಷ ತಡೆದು ನಿಲ್ಲಿಸಿತು. ಆಕೆಯ ಅನುಮತಿ ಪಡೆದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನನ್ನು ಅರಿಯೋಣ. ಅಮೆರಿಕದ ಪೌರರ ಪತಿ ಅಥವಾ ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು, ಮತ್ತು ಪೌರರಿಗೆ 21 ತುಂಬಿದ್ದರೆ ಅವರ ತಂದೆತಾಯಿ, ಇಷ್ಟು ಜನರಿಗೆ ವೀಸಾಗಳ ಮಿತಿಯಿಲ್ಲ. ಕಡತ ಸಾಗಲು ಬೇಕಾಗುವ ಒಂದೆರಡು ವರ್ಷಗಳನ್ನು ಬಿಟ್ಟರೆ ಸರತಿಯೂ ಇಲ್ಲ. ಉಳಿದವರೆಲ್ಲರೂ ಸರತಿಯಲ್ಲಿ ನಿಲ್ಲಬೇಕು. 1990ರ ಕಾನೂನಿನಂತೆ ಈ ಸರತಿಗೆ ಇಡೀ ಜಗತ್ತಿಗೆ ವರ್ಷಕ್ಕೆ ಸಾಮಾನ್ಯವಾಗಿ ದೊರೆಯುವುದು 2,26,000 ವೀಸಾಗಳು. ಒಂದೇ ದೇಶದವರಿಗೆ ಶೇಕಡಾ 7ರ ಮಿತಿ ಬೇರೆ. ಅರ್ಜಿ ಸಲ್ಲಿಸಿದ ದಿನವೇ ನಮ್ಮ ಸರತಿಯ ಚೀಟಿ. ಪ್ರತಿ ತಿಂಗಳು ಪ್ರಕಟವಾಗುವ ವೀಸಾ ಬುಲೆಟಿನ್, ಯಾವ ದಿನಾಂಕದವರೆಗಿನ ಅರ್ಜಿದಾರರ ಸರದಿ ಬಂದಿದೆ ಎಂದು ತಿಳಿಸುತ್ತದೆ.

ಖಾಯಂ ನಿವಾಸಿಗಳು ಕರೆಸಿಕೊಳ್ಳಬಹುದಾದವರು ಇಬ್ಬರೇ: ಪತಿ ಅಥವಾ ಪತ್ನಿ, ಮತ್ತು ಅವಿವಾಹಿತ ಮಕ್ಕಳು. ತಂದೆತಾಯಿಗಾಗಲಿ, ಒಡಹುಟ್ಟಿದವರಿಗಾಗಲಿ, ವಿವಾಹಿತ ಮಕ್ಕಳಿಗಾಗಲಿ ಅವರು ಅರ್ಜಿ ಸಲ್ಲಿಸುವಂತಿಲ್ಲ. ಆ ಹಕ್ಕು ಪೌರರದು ಮಾತ್ರ. 2025ರ ಬುಲೆಟಿನ್‌ಗಳನ್ನು ನೋಡಿದರೆ, ಭಾರತದವರಿಗೆ ಖಾಯಂ ನಿವಾಸಿಯ ಪತ್ನಿಯ ಕಾಯುವಿಕೆ ಸುಮಾರು ಎರಡರಿಂದ ಮೂರು ವರ್ಷ. ಅವರ 21 ದಾಟಿದ ಅವಿವಾಹಿತ ಮಕ್ಕಳದು ಸುಮಾರು ಒಂಬತ್ತು ವರ್ಷ. ಪೌರರ ವಿವಾಹಿತ ಮಕ್ಕಳದು ಸುಮಾರು ಹದಿನಾಲ್ಕು. ಪೌರರ ಒಡಹುಟ್ಟಿದವರದು ಹತ್ತೊಂಬತ್ತರ ಆಸುಪಾಸು.

ಈ ಕೊನೆಯ ಸರತಿಯಿಂದಲೇ ನಮ್ಮ ಮನೆಯ ಕಥೆ ಆರಂಭವಾಗುತ್ತದೆ. ನನ್ನ ಆಪಾಳ ಪತಿಗಾಗಿ ಅವರ ಅಣ್ಣನವರು 2004ರ ಆರಂಭದಲ್ಲಿ ಅರ್ಜಿ ಸಲ್ಲಿಸಿದರು. ಅರ್ಜಿ ವರ್ಷದೊಳಗೇ ಮಂಜೂರಾಯಿತೆಂದು ಮನೆಯಲ್ಲಿ ಸಿಹಿ ಹಂಚಿದ್ದೆವು. ಆದರೆ ಸರದಿ ಬಂದದ್ದು 2019ರಲ್ಲಿ. ಅಷ್ಟರಲ್ಲಿ, ಅರ್ಜಿ ಹಾಕಿದಾಗ ಎಂಟು ವರ್ಷದವಳಾಗಿದ್ದ ಮಗಳಿಗೆ 23 ತುಂಬಿತ್ತು. ತಂದೆತಾಯಿಯ ಜೊತೆ ಮಕ್ಕಳು ಹೋಗಬೇಕಾದರೆ 21ರೊಳಗಿರಬೇಕು. ಅರ್ಜಿಯು ಮಂಜೂರಾತಿಗಾಗಿ ಕಾದ ಅವಧಿಯನ್ನು ಮಾತ್ರ ವಯಸ್ಸಿನಿಂದ ಕಳೆಯಲು ಕಾನೂನು ಅವಕಾಶ ಕೊಡುತ್ತದೆ. ನಮ್ಮ ಅರ್ಜಿ ಬೇಗ ಮಂಜೂರಾಗಿದ್ದರಿಂದ ಕಳೆಯಲು ಒಂದು ವರ್ಷವೂ ಇರಲಿಲ್ಲ. ಸಿಹಿ ಹಂಚಿದ ಆ ಮಂಜೂರಾತಿಯೇ ಮಗಳಿಗೆ ಮುಳುವಾಯಿತು.

ಆಪಾ, ಭಾವ ಮತ್ತು ಕಿರಿಯ ಮಗ ಮುಂಬೈಯಲ್ಲಿ ಸಂದರ್ಶನ ಮುಗಿಸಿ ಹೊರಟುಹೋದರು. ಮಗಳು ಕಮಲಾಪುರದಲ್ಲಿ ತನ್ನ ನಾನಿಯ, ಎಂದರೆ ನನ್ನ ತಾಯಿಯ, ಬಳಿ ಉಳಿದಳು. ಅಲ್ಲಿಯೇ ಒಂದು ಶಾಲೆಯಲ್ಲಿ ಶಿಕ್ಷಕಿಯಾದಳು. ಭಾವ ಗ್ರೀನ್ ಕಾರ್ಡ್ ಕೈಗೆ ಬಂದೊಡನೆ ಆಕೆಗಾಗಿ ಹೊಸ ಅರ್ಜಿ ಹಾಕಿದರು. ಕುಟುಂಬದೊಂದಿಗೆ ಕಾದ ಹದಿನೈದು ವರ್ಷಗಳು ಆಕೆಯ ಲೆಕ್ಕಕ್ಕೆ ಸೇರಲಿಲ್ಲ. ಇಂತಹ ಮಕ್ಕಳು ಹಳೆಯ ದಿನಾಂಕವನ್ನು ಹೊಸ ಅರ್ಜಿಗೆ ಒಯ್ಯುವಂತಿಲ್ಲ ಎಂಬ ಸರಕಾರದ ನಿಲುವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿತ್ತು. ಸರತಿಯ ಕೊನೆಗೆ ಹೋಗಿ ಆಕೆ ಮತ್ತೆ ನಿಂತಳು.

2021ರಲ್ಲಿ ಹುಮನಾಬಾದಿನ ಕಡೆಯಿಂದ ಒಳ್ಳೆಯ ಸಂಬಂಧವೊಂದು ಬಂತು. ಆಗ ಕಾನೂನಿನ ಇನ್ನೊಂದು ಮುಖ ಎದುರಾಯಿತು. ಖಾಯಂ ನಿವಾಸಿಯ ಮಗಳು ಮದುವೆಯಾದ ದಿನವೇ ಆಕೆಯ ಅರ್ಜಿ ರದ್ದಾಗುತ್ತದೆ. ತಂದೆ ಮೊದಲು ಪೌರರಾಗಿ, ಆ ಬಳಿಕ ಮಗಳು ಮದುವೆಯಾದರೆ ಅರ್ಜಿ ಉಳಿಯುತ್ತದೆ. ಸರತಿ ಉದ್ದವಾಗುತ್ತದೆ, ಆದರೆ ಹಳೆಯ ದಿನಾಂಕ ಕಳೆದುಹೋಗುವುದಿಲ್ಲ. ಪತಿಯೂ ಮಕ್ಕಳೂ ಅದೇ ಅರ್ಜಿಯಲ್ಲಿ ಸೇರುತ್ತಾರೆ. ಪೌರತ್ವ ಪಡೆದರೆ ಎಲ್ಲರ ವೀಸಾವೂ ಬೇಗ ಬರುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಪತ್ನಿ ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ಅದು ನಿಜ. 21 ದಾಟಿದ ಅವಿವಾಹಿತ ಮಕ್ಕಳಿಗಾದರೋ ಎರಡೂ ಸರತಿಗಳು ಹೆಚ್ಚುಕಡಿಮೆ ಸಮಾನ. ತಂದೆಯ ಪೌರತ್ವದಿಂದ ಅವರಿಗೆ ದೊರೆಯುವುದು ಮದುವೆಯಾಗುವ ಸ್ವಾತಂತ್ರ್ಯ.

ಗ್ರೀನ್ ಕಾರ್ಡ್ ದೊರೆತ ಐದು ವರ್ಷಗಳ ಬಳಿಕವೇ ಪೌರತ್ವ. ಎಂದರೆ 2024ರವರೆಗೆ ಕಾಯಬೇಕು. ಹುಡುಗನ ಮನೆಯವರಿಗೆ ಅಷ್ಟು ಕಾಯಲು ಆಗಲಿಲ್ಲ, ಸಂಬಂಧ ಮುರಿಯಿತು. ಅದರಲ್ಲಿ ಅವರ ತಪ್ಪಿಲ್ಲ.

ಅದೇ ಸಮಯದಲ್ಲಿ ಏಜೆಂಟರೊಬ್ಬರು ನಮಗೊಂದು ಸಲಹೆ ಕೊಟ್ಟಿದ್ದರು. ಕಾಝಿಯವರನ್ನು ಮನೆಗೆ ಕರೆಸಿ ನಿಕಾಹ್ ಮಾಡಿಸಿ, ಎಲ್ಲಿಯೂ ನೋಂದಾಯಿಸಬೇಡಿ, ಅರ್ಜಿಯಲ್ಲಿ ಅವಿವಾಹಿತೆ ಎಂದೇ ಇರಲಿ ಎಂದರು. ಸುತ್ತ ಕುಳಿತವರಲ್ಲಿ ಕೆಲವರು ತಲೆಯಾಡಿಸಿದರು. ಆಗ ನನ್ನ ತಾಯಿ ಹೇಳಿದರು: "ಊರಿಗೆಲ್ಲ ತಿಳಿಸಿ ಮಾಡಬೇಕಾದ ನಿಕಾಹ್ ಅನ್ನು ಕದ್ದು ಮಾಡಿದರೆ, ನಾಳೆ ಹುಟ್ಟುವ ಕೂಸಿನ ಅಪ್ಪನ ಹೆಸರನ್ನು ಯಾವ ಕಾಗದದಲ್ಲಿ ಬರೆಸುತ್ತೀರಿ?" ಯಾರಲ್ಲಿಯೂ ಉತ್ತರವಿರಲಿಲ್ಲ.

ಆ ಮಾತಿನಲ್ಲಿ ಧರ್ಮವೂ ಇತ್ತು, ಕಾನೂನೂ ಇತ್ತು. ನಿಕಾಹ್ ಅನ್ನು ಬಹಿರಂಗಪಡಿಸಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಸಾಕ್ಷಿಗಳಿರುವುದು, ವಲೀಮಾ ಉಣಿಸುವುದು ಇದಕ್ಕಾಗಿಯೇ. ನೋಂದಣಿಯಾಗದಿದ್ದರೂ ನಮ್ಮ ದೇಶದ ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ನಿಕಾಹ್ ಸಿಂಧುವೇ. ಆದುದರಿಂದ ಕಾನ್ಸುಲೇಟಿನಲ್ಲಿ ಪ್ರಮಾಣ ಮಾಡಿ ಅವಿವಾಹಿತೆ ಎನ್ನುವುದು ಸುಳ್ಳು ಸಾಕ್ಷ್ಯವೇ ಆಗುತ್ತದೆ. ಅದು ಬಯಲಾದರೆ ಅಮೆರಿಕದ ಬಾಗಿಲು ಸಾಮಾನ್ಯವಾಗಿ ಜೀವನಪರ್ಯಂತ ಮುಚ್ಚಿಬಿಡುತ್ತದೆ. ಬಯಲಾಗದಿದ್ದರೂ ಅಲ್ಲಾಹನ ಮುಂದೆ ಅದು ಬಯಲೇ.

ನಿರ್ಧಾರವನ್ನು ಮಗಳಿಗೇ ಬಿಟ್ಟೆವು. ಅರ್ಜಿಯನ್ನು ಕೈಬಿಟ್ಟು ಮದುವೆಯಾಗುವುದೂ ಗೌರವದ ಹಾದಿಯೇ ಎಂದು ನಾನು ಹೇಳಿದೆ. ಆಕೆ ಎರಡು ದಿನ ಯೋಚಿಸಿ ಹೇಳಿದಳು: "ಅಬ್ಬಾ ಪೌರರಾಗುವವರೆಗೆ ಕಾಯುತ್ತೇನೆ ಮಾಮೂ. ವೀಸಾ ಬರುವವರೆಗೆ ಕಾಯುವುದಿಲ್ಲ."

ಅತ್ತ ಭಾವನಿಗೆ ಐವತ್ತೆಂಟು ವರ್ಷ. ಉಗ್ರಾಣವೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ಪೌರತ್ವದ ಪರೀಕ್ಷೆಗೆ ಆಗ ಆ ದೇಶದ ಇತಿಹಾಸ ಮತ್ತು ಆಡಳಿತದ ಬಗ್ಗೆ ನೂರು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕಲಿಯಬೇಕಿತ್ತು. ಅವುಗಳಲ್ಲಿ ಹತ್ತನ್ನು ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಡಬೇಕಿತ್ತು. ಕಮಲಾಪುರದಲ್ಲಿ ಮಗ್ರಿಬ್ ನಮಾಝ್ ಮುಗಿಸಿದ ಮಗಳು ವಾಟ್ಸಾಪ್‌ನಲ್ಲಿ ಪ್ರಶ್ನೆ ಕೇಳುವಳು, ಪಾಳಿ ಮುಗಿಸಿ ಬಂದ ತಂದೆ ಅಲ್ಲಿನ ಬೆಳಗಿನಲ್ಲಿ ಉತ್ತರಿಸುವರು. ಹೆಣ್ಣುಮಕ್ಕಳ ಓದು ಯಾವ ಪ್ರಯೋಜನಕ್ಕೆ ಎಂದು ಕೇಳುವವರು ಇದನ್ನೊಮ್ಮೆ ಯೋಚಿಸಲಿ.

2024ರಲ್ಲಿ ಭಾವನೂ ಆಪಾಳೂ ಪೌರತ್ವದ ಪ್ರಮಾಣ ಸ್ವೀಕರಿಸಿದರು. ಅದೇ ಡಿಸೆಂಬರಿನಲ್ಲಿ ಕಮಲಾಪುರದ ಮಸೀದಿಯಲ್ಲಿ ಎಲ್ಲರ ಎದುರು ಮಗಳ ನಿಕಾಹ್ ನೆರವೇರಿತು, ನೋಂದಣಿಯೂ ಆಯಿತು. ಆಕೆಗೆ ಆಗ 28 ವರ್ಷ. ಈಗ ಆಕೆ ವಿವಾಹಿತ ಮಕ್ಕಳ ಸರತಿಯಲ್ಲಿದ್ದಾಳೆ. ಇಂದಿನ ವೇಗವೇ ಮುಂದುವರಿದರೆ 2033ರ ಸುಮಾರಿಗೆ ಸರದಿ ಬರಬಹುದು. ಇತ್ತ ಆಪಾ ತನ್ನ ತಾಯಿಯನ್ನು ಸರತಿಯಿಲ್ಲದೆ ಕರೆಸಿಕೊಳ್ಳಬಹುದು. ಹೆತ್ತ ತಾಯಿಗೆ ತೆರೆದ ಬಾಗಿಲು, ಹೊಟ್ಟೆಯ ಮಗಳಿಗೆ ಹದಿನಾಲ್ಕು ವರ್ಷ. ತಾಯಿಯವರು ಮಾತ್ರ ತಮ್ಮ ಮಣ್ಣು ಕಮಲಾಪುರದ್ದೇ ಎಂದು ಹೇಳಿ ಆ ಮಾತನ್ನು ಮುಗಿಸಿದ್ದಾರೆ.

ಪ್ರಿಯ ಓದುಗರೇ, ಹೆಣ್ಣು ಕೊಡುವಾಗ "ಹುಡುಗ ಅಮೆರಿಕದಲ್ಲಿದ್ದಾನೆ" ಎಂಬ ಒಂದು ಮಾತು ಸಾಲದು. ಆತ ಪೌರನೋ, ಗ್ರೀನ್ ಕಾರ್ಡ್ ಹೊಂದಿದವನೋ, ವಧು ಎಷ್ಟು ಕಾಲ ಇಲ್ಲಿಯೇ ಇರಬೇಕಾದೀತು ಎಂದು ಕೇಳಿ ತಿಳಿಯಿರಿ. ವರನ ಕಡೆಯವರು ಕೇಳುವ ಮೊದಲೇ ತಿಳಿಸಲಿ. ಖಲೀಫಾ ಉಮರ್(ರ)ರು ತಮ್ಮ ಸೈನಿಕರನ್ನು ಕೆಲವೇ ತಿಂಗಳುಗಳಿಗಿಂತ ಹೆಚ್ಚು ಪತ್ನಿಯರಿಂದ ದೂರವಿರಿಸಬಾರದೆಂದು ಆಜ್ಞೆ ಹೊರಡಿಸಿದ್ದರೆಂದು ವರದಿಯಾಗಿದೆ. ವರ್ಷಗಟ್ಟಲೆ ಅಗಲಿಕೆಯಿರುವ ಸಂಬಂಧಕ್ಕೆ ಹುಡುಗಿ ತಿಳಿದೇ ಒಪ್ಪಿರಬೇಕು. ಮಕ್ಕಳ ಅರ್ಜಿ ಸರತಿಯಲ್ಲಿದ್ದರೆ ಮದುವೆಯ ದಿನ ಗೊತ್ತುಪಡಿಸುವ ಮೊದಲು ನಿಯಮವನ್ನು ಬಲ್ಲವರಿಂದ ಅರಿಯಿರಿ.

ಪ್ರವಾದಿ ಯಾಕೂಬ್(ಅ)ರು ಯೂಸುಫ್(ಅ)ರಿಗಾಗಿ ದೀರ್ಘಕಾಲ ಕಾದರು. ಆ ಅವಧಿಯಲ್ಲಿ ಅವರು ಮನೆ ನಡೆಸಿದರು, ಬರಗಾಲದಲ್ಲಿ ಮಕ್ಕಳನ್ನು ಧಾನ್ಯಕ್ಕೆ ಕಳುಹಿಸಿದರು, ಕಳೆದುಹೋದ ಮಗನನ್ನು ಹುಡುಕಲು ಹೇಳಿದರು, ಅಲ್ಲಾಹನ ಕಾರುಣ್ಯದಲ್ಲಿ ನಿರಾಶರಾಗಲಿಲ್ಲ. ಸಹನೆಯೆಂದರೆ ಇದು. ಬುಲೆಟಿನ್ನಿನ ದಿನಾಂಕ ನಮ್ಮ ಕೈಯಲ್ಲಿಲ್ಲ. ಸತ್ಯ ನುಡಿಯುವುದು, ಮಕ್ಕಳ ಹಕ್ಕನ್ನು ಸಕಾಲದಲ್ಲಿ ಸಲ್ಲಿಸುವುದು ನಮ್ಮ ಕೈಯಲ್ಲಿದೆ. ಅಗಲಿರುವ ಕುಟುಂಬಗಳನ್ನೆಲ್ಲ ಅಲ್ಲಾಹನು ಒಳಿತಿನಲ್ಲಿ ಒಂದುಗೂಡಿಸಲಿ. ಆಮೀನ್.