ಹೇಳಿದ ಮಾತು ದಾಖಲೆಯಾಗಲಿ

ನಮ್ಮ ಹಳ್ಳಿಗಳಲ್ಲಿ ಅಹವಾಲು ಇಲ್ಲದ ಮನೆಯಿಲ್ಲ. ಆದರೆ ಅದನ್ನು ಅರ್ಜಿಯ ರೂಪದಲ್ಲಿ ಕಚೇರಿಗೆ ಮುಟ್ಟಿಸಿದ ಮನೆಗಳು ಬಹಳ ಕಡಿಮೆ. ಕಷ್ಟವನ್ನು ಕಟ್ಟೆಯ ಮೇಲೆ ಹೇಳಿಕೊಳ್ಳುತ್ತೇವೆ, ದಾರಿಯಲ್ಲಿ ಸಿಕ್ಕ ಸದಸ್ಯರ ಕಿವಿಗೆ ಹಾಕುತ್ತೇವೆ, “ನೋಡೋಣ” ಎಂಬ ಮಾತನ್ನು ಪಡೆದು ಮನೆಗೆ ಮರಳುತ್ತೇವೆ. ಆ ಮಾತಿಗೆ ತಾರೀಖೂ ಇಲ್ಲ, ಸಾಕ್ಷಿಯೂ ಇಲ್ಲ. ದೂರು ಕಾಗದದ ಮೇಲೆ ಬಂದು, ಅದಕ್ಕೊಂದು ಸ್ವೀಕೃತಿ ದೊರೆಯುವವರೆಗೆ ಕಚೇರಿಯ ದೃಷ್ಟಿಯಲ್ಲಿ ಆ ಕಷ್ಟವು ಇರುವುದೇ ಇಲ್ಲವೆಂಬುದನ್ನು ನಾವು ಅನುಭವದಿಂದ ಅರಿತಿದ್ದೇವೆ.

ನಿವೃತ್ತಿಯ ನಂತರ ನೆರೆಹೊರೆಯವರಿಗೆ ಅರ್ಜಿ ಬರೆದುಕೊಡುವುದು ನಮಗೊಂದು ರೂಢಿಯಾಗಿದೆ. ಬಂದವರು ತಮ್ಮೊಡನೆ ತರುವ ಹಳೆಯ ಅರ್ಜಿಗಳನ್ನು ಓದಿದಾಗ ಮನಸ್ಸು ಮರುಗುತ್ತದೆ. ಪುಟದ ಮುಕ್ಕಾಲು ಭಾಗ “ಘನ ಸನ್ನಿಧಾನಕ್ಕೆ”, “ತಮ್ಮ ಪಾದಗಳಿಗೆರಗಿ”, “ಬಡವನ ಮೇಲೆ ದಯೆಯಿಟ್ಟು” ಎಂಬ ಒಕ್ಕಣೆಯಲ್ಲಿಯೇ ಕಳೆದುಹೋಗಿರುತ್ತದೆ. ಯಾವ ಓಣಿ, ಯಾವ ನಲ್ಲಿ, ಎಂದಿನಿಂದ ನೀರಿಲ್ಲ ಎಂಬ ವಿಷಯ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ. ಕೆಲವೊಮ್ಮೆ ಇರುವುದೇ ಇಲ್ಲ. ಹಣ ಕೊಟ್ಟು ಬರೆಸಿದ ಅರ್ಜಿಗಳೂ ಇದಕ್ಕೆ ಹೊರತಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ವೃದ್ಧೆಯೊಬ್ಬರ ಮನೆಯ ನಲ್ಲಿಗೆ ಬೇಸಿಗೆಯುದ್ದಕ್ಕೂ ನೀರು ಬರಲಿಲ್ಲ. ನೀರಗಂಟಿಗೆ ಹೇಳಿದರು, ಸದಸ್ಯರಿಗೆ ಹೇಳಿದರು. ಫಲ ಕಾಣದೆ ದೂರದ ಕೊಳವೆಬಾವಿಯಿಂದ ಕೊಡ ಹೊತ್ತು ತರುವಾಗ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಕಂಪ್ಯೂಟರಿನಲ್ಲಿ ದೂರು ದಾಖಲಿಸಿರೆಂದು ಯಾರೋ ಸಲಹೆಯಿತ್ತರು. ಅದಕ್ಕೆ ಮೊಬೈಲಿಗೆ ಬರುವ ಗುಪ್ತಸಂಖ್ಯೆ ಬೇಕು, ಅವರಲ್ಲಿ ಮೊಬೈಲೇ ಇಲ್ಲ. ಕೊನೆಗೆ ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಐದು ಸಾಲಾಗಿ ಬರೆದು, ಎರಡು ಪ್ರತಿ ಮಾಡಿ, ಹೆಬ್ಬೆಟ್ಟು ಒತ್ತಿಸಿ, ಜೊತೆಗೂಡಿ ಪಂಚಾಯಿತಿಗೆ ಹೋದೆವು. “ಇಟ್ಟು ಹೋಗಿ” ಎಂದರು. ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ, ಸಂಖ್ಯೆ ಬೀಳುವವರೆಗೆ ನಾವು ಬೆಂಚಿನಿಂದ ಏಳಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆ ಸಂಖ್ಯೆಯನ್ನು ಓದಿದಾಗ ವಿಷಯವು ನಡಾವಳಿ ಪುಸ್ತಕಕ್ಕೆ ಏರಿತು. ತಿಂಗಳೊಳಗೆ ಒಡೆದ ಕೊಳವೆ ದುರಸ್ತಿಯಾಯಿತು. ಆ ತಾಯಿಯ ಕೈ ಮಾತ್ರ ಮೊದಲಿನಂತಾಗಲಿಲ್ಲ.

ಅಹವಾಲು ಸಲ್ಲಿಸುವುದಕ್ಕೆ ಯಾರ ಕೃಪೆಯೂ ಬೇಕಿಲ್ಲ. ಆಡಳಿತದ ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೇ ಪ್ರಜೆಗೆ ಕೊಟ್ಟಿದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. 2011ರ ಸಕಾಲ ಅಧಿನಿಯಮವು 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಮೇಲೆ, ಅದರ ಪಟ್ಟಿಯಲ್ಲಿರುವ ಸೇವೆ ಬೇಡಿದವರಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಕೊಡುವ ಪದ್ಧತಿ ಬಂದಿತು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಪರಿಹಾರ ಕೇಳಬಹುದು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದದ್ದು 2005ರ ಮಾಹಿತಿ ಹಕ್ಕು ಅಧಿನಿಯಮದ ಒಂದು ಮಾತು. ಬರೆಯಲಾರದವರು ಬಾಯಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಅಲ್ಲಿ ವಿಧಿಸಲಾಗಿದೆ. ಮಾಹಿತಿ ಕೇಳುವವರಿಗೆ ದೊರೆತ ಈ ಸೌಕರ್ಯವು ನೀರು, ದೀಪ, ಚರಂಡಿಗಳ ಅಹವಾಲು ತರುವವರಿಗೂ ಪ್ರತಿಯೊಂದು ಪಂಚಾಯಿತಿಯಲ್ಲಿ ದೊರೆಯಬೇಡವೇ? ವಾರಕ್ಕೊಂದು ನಿಗದಿತ ದಿನ, ಕೇಳಿ ಬರೆದುಕೊಳ್ಳುವ ಒಬ್ಬ ಸಿಬ್ಬಂದಿ, ಯಾರು, ಎಲ್ಲಿ, ಏನು, ಎಂದಿನಿಂದ ಎಂಬ ನಾಲ್ಕೇ ಪ್ರಶ್ನೆಗಳ ಕನ್ನಡ ನಮೂನೆ, ಕೇಳದೆಯೇ ಕೈಗೆ ಬರುವ ಸ್ವೀಕೃತಿ, ಯಾವ ಅರ್ಜಿ ಏನಾಯಿತೆಂದು ತಿಳಿಸುವ ಫಲಕ: ಇಷ್ಟಕ್ಕೆ ಹೆಚ್ಚಿನ ಹಣವೇನೂ ಬೇಕಾಗದು. ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ನಾವು ಈ ಬೇಡಿಕೆಯನ್ನು ಮುಂದಿಡಬೇಕು.

ಅಲ್ಲಿಯವರೆಗೆ ಈ ಕೊರತೆಯನ್ನು ಕುಟುಂಬಗಳು ತುಂಬಿಕೊಡಬಹುದು. ಓದು ಬಲ್ಲ ಮಕ್ಕಳಿರುವ ಮನೆಯವರು ನೆರೆಮನೆಯ ಹಿರಿಯರೆದುರು ಅವರನ್ನು ಕೂರಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆಯಿಸಲಿ. ಹೊಗಳಿಕೆ ಬೇಡ, ಗೋಗರೆತ ಬೇಡ. ವಿಷಯ ಮತ್ತು ದಿನಾಂಕ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬರುವುದನ್ನು ಮಾತ್ರ ಯಾರೂ ಮರೆಯಬಾರದು.