ಬಾಂದುಕಲ್ಲು

ನಿಮ್ಮ ಮನೆಯ ಕನ್ನಡಕ್ಕೆ ಮಲಯಾಳದ ಒಡನಾಟ. ನಮ್ಮ ಸಮಡೋಳಿಯ ಕನ್ನಡಕ್ಕೆ ಮರಾಠಿಯದು. ಸಾಂಗ್ಲಿಯ ಹತ್ತಿರ, ವಾರಣಾ ನದಿಯ ಬಯಲಿನ ಊರಿದು. ದಿಗಂಬರ ಜೈನರ ಶಾಂತಿಸಾಗರ ಮಹಾರಾಜರು 1924ರಲ್ಲಿ ಆಚಾರ್ಯ ಪದವಿಗೇರಿದ್ದು ಇಲ್ಲಿಯೇ. ನಮ್ಮದು ಕ್ರೈಸ್ತ ಮನೆತನ. ಡಾಕ್ಟರ್ ವಾನ್‌ಲೆಸ್ 1894ರಲ್ಲಿ ಮೀರಜಿನಲ್ಲಿ ತೆರೆದ ಆಸ್ಪತ್ರೆಯಲ್ಲಿ ನನ್ನ ಅಜ್ಜಿ ದಾದಿಯಾಗಿದ್ದಳು. ಭಾನುವಾರದ ಆರಾಧನೆ ಮರಾಠಿಯಲ್ಲಿ. ಮನೆಯ ಸಂಜೆಪ್ರಾರ್ಥನೆ ಮಾತ್ರ ಅವ್ವ ಕಲಿಸಿದ ಕನ್ನಡದಲ್ಲಿ.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತವೇ ನಡೆಯಲಿ ಎಂದು ಬೇಡಿಕೊಳ್ಳುತ್ತೇವಲ್ಲವೆ? ಸಾವು, ರೋಗ, ಬರಗಾಲ ಬಂದಾಗ ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನದ ಮಾತು ಅದು ಎಂದೇ ನಾನು ಬಹುಕಾಲ ತಿಳಿದಿದ್ದೆ.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ವಾರಣೆಯೂ ಉಕ್ಕಿದವು. ಮನೆ ಬಿಟ್ಟು, ಎತ್ತರದ ಜಾಗದ ಶಾಲೆಯೊಂದರಲ್ಲಿ ಇದ್ದೆವು. ಒಂದು ದಿನ ಊಟದ ಪೊಟ್ಟಣ ಬರುವಾಗ ಕತ್ತಲಾಗಿತ್ತು. ನೆರೆಮನೆಯ ಜೈನ ಕಾಕಾ ಪೊಟ್ಟಣಕ್ಕೆ ಕೈ ಮುಗಿದು ಸುಮ್ಮನೆ ಕುಳಿತರು. ಹಗಲೆಲ್ಲ ಅವರು ಏನೂ ತಿಂದಿರಲಿಲ್ಲ.

“ಆಪತ್ತಿನಾಗ ನಡೀತೈತಿ ಕಾಕಾ, ಉಣ್ರಿ” ಎಂದೆ.

“ನಡೀತೈತಿ ಅಂತ ಹೇಳಾಂವ ನಾನೇ ಆದ್ರ ವ್ರತ ಯಾಕ ಬೇಕಪ್ಪಾ?” ಎಂದರು.

ನೀರು ಇಳಿದ ಮೇಲೆ ಹೊಲಕ್ಕೆ ಹೋದೆ. ಕಬ್ಬು ಕೊಳೆತಿತ್ತು. ನನ್ನ ಹೊಲಕ್ಕೂ ಅಣ್ಣನ ಹೊಲಕ್ಕೂ ನಡುವಿನ ಬದು ಕೊಚ್ಚಿಹೋಗಿತ್ತು; ಬಾಂದುಕಲ್ಲು ಕೆಸರಿನಲ್ಲಿ ಬಿದ್ದಿತ್ತು. ಅದರ ಕುಳಿ ಮಾತ್ರ ಅಲ್ಲೇ ಕಾಣುತ್ತಿತ್ತು. ಅಣ್ಣ ಮೀರಜಿನಲ್ಲಿ ಮಗನ ಮನೆಯಲ್ಲಿದ್ದ. ನಾನು ಆ ಕುಳಿಯನ್ನು ಮುಚ್ಚಿ, ಕಲ್ಲನ್ನು ಅವನ ಹೊಲದೊಳಗೆ ಎರಡು ಮೊಳ ಒತ್ತಿ ನೆಟ್ಟೆ. ಅವ್ವನನ್ನು ಕೊನೆಯವರೆಗೂ ನೋಡಿಕೊಂಡವನು ನಾನು, ಇಷ್ಟಾದರೂ ನನಗೆ ಸಲ್ಲಬೇಡವೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಅಂದು ಸಂಜೆ ಪ್ರಾರ್ಥನೆ ಹೇಳುತ್ತಾ ಆ ಮಾತಿಗೆ ಬಂದಾಗ ದನಿ ನಿಂತಿತು. ಹೆಂಡತಿ “ಯಾಕ್ರೀ?” ಎಂದಳು. ಗಂಟಲು ಸರಿಯಿಲ್ಲ ಎಂದೆ. ಮರುದಿನವೂ ಹಾಗೆಯೇ ಆಯಿತು. ನೆರೆಯವನ ಗಡಿಯ ಗುರುತನ್ನು ಸರಿಸಬಾರದೆಂಬ ಧರ್ಮೋಪದೇಶಕಾಂಡದ ಆಜ್ಞೆ ನನಗೆ ತಿಳಿಯದ್ದೇನೂ ಅಲ್ಲ. ಅದಕ್ಕಿಂತ ಹೆಚ್ಚಾಗಿ ಕಾಕಾನ ಮಾತು ಚುಚ್ಚುತ್ತಿತ್ತು. ದೇವರನ್ನು ಒಡೆಯನೆಂದು ಕರೆದು, ಹೊಲದ ನ್ಯಾಯವನ್ನು ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ.

ಮೂರನೆಯ ದಿನ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬಂದ. ಇಬ್ಬರೂ ಹಳೆಯ ಕುಳಿಯನ್ನು ಹುಡುಕಿ ಕಲ್ಲನ್ನು ಅಲ್ಲಿಯೇ ನೆಟ್ಟೆವು. “ನೀ ಹೀಂಗ ಮಾಡ್ತಿ ಅಂತ ಅನಕೊಂಡಿರಲಿಲ್ಲ” ಎಂದಷ್ಟೇ ಹೇಳಿ, ಚಹಾ ಕುಡಿಯದೆ ಹೋದ. ಅನಂತರ ಎಷ್ಟೋ ದಿನ ನಮ್ಮ ಮನೆಗೆ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಕರೆದಾಗ ಬಂದ. ಮಾತು ಮೊದಲಿನಷ್ಟು ಸಲೀಸಾಗಿರಲಿಲ್ಲ. ಸುಮ್ಮನಿದ್ದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲವೆಂದು ನನಗೆ ಆಗಾಗ ಅನಿಸಿದ್ದೂ ನಿಜ.

ಪ್ರವಾಹ ಬಂದಾಗ ದೇವರ ಚಿತ್ತವೆಂದು ಎಲ್ಲರೊಡನೆ ನಾನೂ ಅಂದಿದ್ದೆ. ಅಲ್ಲಿ ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕಲ್ಲು ಮಾತ್ರ ನನ್ನ ಕೈಯಲ್ಲಿತ್ತು. ದೇವರಿಗೆ ಅಧೀನನಾಗಿರುವುದನ್ನು ಕಲಿಯಬೇಕಾದದ್ದು ಅಲ್ಲಿಯೇ ಎಂದು ಈಗ ತಿಳಿದಿದೆ. ಸಂಜೆ ಆ ಮಾತಿಗೆ ಬಂದಾಗ ಇಂದಿಗೂ ಒಂದು ಗಳಿಗೆ ತಡೆಯುತ್ತೇನೆ. ಅಂದಿನ ದಿನದಲ್ಲಿ ಏನನ್ನಾದರೂ ಎರಡು ಮೊಳ ಸರಿಸಿದೆನೇ ಎಂದು ನೆನೆದು ನೋಡಿ, ಆಮೇಲೆ ಮುಂದುವರಿಸುತ್ತೇನೆ.